ಉಷ್ಣವಲಯದ ಹೂಗಳಿಗೆ ಎಷ್ಟು ತಂಪು: 2 ಡಿಗ್ರಿಯೋ, 13 ಡಿಗ್ರಿಯೋ?

ಕತ್ತರಿಸಿದ ಗುಲಾಬಿ ಇಡುವ 0–2 ಡಿಗ್ರಿ ಸೆಲ್ಸಿಯಸ್ ತಂಪು ಕೋಣೆಯಲ್ಲೇ ಆಂಥೂರಿಯಂ, ಹೆಲಿಕೋನಿಯಾದಂಥ ಉಷ್ಣವಲಯದ ಹೂಗಳನ್ನೂ ಇಟ್ಟರೆ ಜಾಗ ಉಳಿಯುತ್ತದೆ, ನಿಜ. ಆದರೆ ಹೂ ಉಳಿಯುವುದಿಲ್ಲ. ಅಷ್ಟು ಚಳಿಗೆ ಜೀವಕೋಶದ ಪೊರೆ ಹಾಳಾಗಿ ಒಳಗಿನ ರಸ ಸೋರುತ್ತದೆ. ಆಂಥೂರಿಯಂ ಬಣ್ಣ ಕೆಡುತ್ತದೆ, ಹೆಲಿಕೋನಿಯಾ ಕಪ್ಪಾಗುತ್ತದೆ. ಎಷ್ಟೋ ಸಲ ಕೋಣೆಯೊಳಗೆ ಚೆನ್ನಾಗಿಯೇ ಕಾಣುತ್ತವೆ. ಹೊರಗೆ ತಂದ ಮೇಲೆ ಕಲೆ ಏಳುತ್ತದೆ. ಅಷ್ಟರಲ್ಲಿ ಹೂ ಕೊಂಡವರ ಕೈ ಸೇರಿರುತ್ತದೆ, ಅಲ್ವಾ?

13 ಡಿಗ್ರಿ ಹತ್ತಿರದ ಕೋಣೆಯಲ್ಲಿ ಈ ಕಾಟ ಇಲ್ಲ. ಆದರೆ ಹೂವಿನ ಉಸಿರಾಟ ಜಾಸ್ತಿ, ಹಾಗಾಗಿ ತುಂಬಾ ದಿನ ಇಡುವ ಆಸೆ ಬೇಡ. ತೇವಾಂಶ ಶೇ. 90–95 ಇರಲಿ. ಕತ್ತರಿಸಿದ ಹೆಲಿಕೋನಿಯಾ ನೀರು ಹೀರುವುದೇ ಕಡಿಮೆ, ಒಣಗಾಳಿ ತಾಗಿದರೆ ಬೇಗ ಬಾಡುತ್ತದೆ.

ನನ್ನ ಆಯ್ಕೆ 13. ಎರಡನೇ ಕೋಣೆ ಇಲ್ಲವೇ? ಗುಲಾಬಿ ಕೋಣೆಗಿಂತ ಹೊರಗಿನ ತಂಪು ನೆರಳೇ ವಾಸಿ.