ಲಿವ್‌ಅಬೋರ್ಡ್ ಡೈವಿಂಗ್‌ಗೆ ಅಡ್ವಾನ್ಸ್ ಕಟ್ಟೋ ಮುಂಚೆ ಇದನ್ನ ಓದಿ, ನಮಗಾಗಿದ್ದು ನಿಮಗಾಗ್ಬಾರ್ದು

ನಮ್ಮ ಕೊಡಗಿನ ಹುಡುಗ್ರು ಈಗ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಲಿ ಸ್ಕೂಬಾ ಕಲ್ತು ಬರ್ತಿದಾರೆ, ನಿಜವಾಗ್ಲೂ ಖುಷಿ ಆಗುತ್ತೆ. ಕಲ್ತ ಮೇಲೆ ಆಸೆ ಬರೋದು ಲಿವ್‌ಅಬೋರ್ಡ್ ಮೇಲೆ, ಅಂದ್ರೆ ಒಂದು ವಾರ ಬೋಟಲ್ಲೇ ಉಂಡು ಮಲಗಿ, ದಿನಕ್ಕೆ ಮೂರು ಸಲ ನೀರಿಗಿಳಿದು, ದೂರದ ದ್ವೀಪಗಳನ್ನ ಸುತ್ತಿ ಬರೋದು. ನಂಗೂ ಬಂತು. ನಾನು, ನನ್ನ ಚಿಕ್ಕಪ್ಪನ ಮಗ ಇಬ್ರೂ 2025ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್‌ನ ದಕ್ಷಿಣದ ಹುವಾಧು ಅಟಾಲ್‌ಗೆ, ಅಂದ್ರೆ ಬಳೆ ಥರ ಸುತ್ತುವರಿದಿರೋ ಹವಳದ ದ್ವೀಪಗಳ ಗುಂಪಿಗೆ, ಹೋಗಿದ್ವಿ. ಜೀವ ಉಳಿಸ್ಕೊಂಡು ಬಂದ್ವಿ, ಅಷ್ಟೇ ಪುಣ್ಯ.

ಬೆಂಗಳೂರಿನ ಒಬ್ಬ ಏಜೆಂಟ್ ಮೂಲಕ ಬುಕ್ ಮಾಡಿದ್ದು, ಹೆಸರು ಇಲ್ಲಿ ಹಾಕಲ್ಲ. ಫೋನಲ್ಲಿ ತುಂಬ ಚೆನ್ನಾಗಿ ಮಾತಾಡ್ದ. ಆದ್ರೆ ಈಗ ಕೂತು ನೆನಸ್ಕೊಂಡ್ರೆ ಅವನು ನಮ್ಮನ್ನ ಕೇಳಿದ್ದು ಎರಡೇ ಎರಡು ವಿಷಯ, ಪಾಸ್‌ಪೋರ್ಟ್ ಕಾಪಿ ಮತ್ತೆ ಅಡ್ವಾನ್ಸ್ ಯಾವಾಗ ಹಾಕ್ತೀರಾ ಅಂತ. ಎಷ್ಟು ಡೈವ್ ಮಾಡಿದೀರಾ, ಯಾವ ಸರ್ಟಿಫಿಕೇಟ್ ಇದೆ, ಆಸ್ತಮಾ ಬಿಪಿ ಏನಾದ್ರೂ ಇದ್ಯಾ, ಇನ್ಶೂರೆನ್ಸ್ ಯಾವುದು, ಇದ್ಯಾವ್ದನ್ನೂ ಕೇಳ್ಲಿಲ್ಲ. ಆವಾಗ ನಮಗೆ ಅದು ಒಳ್ಳೇದೇ ಅನ್ಸಿತ್ತು, ತಲೆನೋವಿಲ್ದೆ ಕೆಲಸ ಆಯ್ತು ಅಂತ. ಆಮೇಲೆ ಆದ ಒಂದೊಂದು ಕಷ್ಟಾನೂ ಅವನು ಕೇಳದೇ ಬಿಟ್ಟ ಪ್ರಶ್ನೆಯಿಂದಲೇ ಬಂದಿದ್ದು.

ಇಬ್ರ ಹತ್ರನೂ ಇದ್ದಿದ್ದು ಓಪನ್ ವಾಟರ್ ಸರ್ಟಿಫಿಕೇಟ್, ಅಂದ್ರೆ 18 ಮೀಟರ್‌ವರೆಗೆ. ಕೋರ್ಸಿನ ನಾಲ್ಕು ಡೈವ್ ಸೇರಿ ನಂದು ಒಟ್ಟು 9, ತಮ್ಮಂದು 7. ಹುವಾಧುವಿನ ಡೈವಿಂಗ್ ಎಲ್ಲಾ ಹೆಚ್ಚಾಗಿ ಕಂಡು ಅಂತಾರಲ್ಲ, ಅಟಾಲ್ ಒಳಗಿನ ನೀರು ಸಮುದ್ರಕ್ಕೆ ಹೋಗಿ ಬರೋ ಕಾಲುವೆ ಥರ ಜಾಗ, ಅಲ್ಲಿ. ಸೆಳೆತ ಜೋರಿರೋದಕ್ಕೇ ಶಾರ್ಕ್ ಬರ್ತವೆ, ಅದಕ್ಕೇ ಜನ ಹೋಗೋದು. ಇಂಥಾ ಕಡೆಗೆ ಹೋಗೋ ಎಷ್ಟೋ ಬೋಟ್‌ನೋರು ಅಡ್ವಾನ್ಸ್ಡ್ ಸರ್ಟಿಫಿಕೇಟ್ ಮತ್ತೆ 50 ಡೈವ್ ಆಗಿರ್ಲೇಬೇಕು ಅಂತಾರೆ. ಇದು ನಂಗೆ ಗೊತ್ತಾಗಿದ್ದು ಬೋಟ್ ಹತ್ತಿದ ಮೇಲೆ, ಪಕ್ಕದ ಕ್ಯಾಬಿನ್‌ನ ಒಬ್ರು ಜರ್ಮನ್ ಹೆಂಗಸು ಹೇಳಿ.

ಬೋಟ್ ವಿಷ್ಯ ಹೇಳ್ಬೇಕು. ನಮಗೆ ಫೋಟೋ ತೋರ್ಸಿದ್ದೇ ಬೇರೆ, ಮೇಲಿನ ಡೆಕ್ಕಲ್ಲಿ ದೊಡ್ಡ ಕಿಟಕಿ ಇರೋ ರೂಮು. ಅಲ್ಲಿ ನಿಂತಿದ್ದೇ ಬೇರೆ. ಏಜೆಂಟ್‌ಗೆ ಫೋನ್ ಮಾಡಿದ್ರೆ ಬಿಲ್ ನೋಡಿ ಸರ್ ಅಂದ, ನೋಡಿದ್ರೆ ಕೆಳಗೆ ಸಣ್ಣಕ್ಷರದಲ್ಲಿ ಈ ಬೋಟ್ ಅಥವಾ ಇದಕ್ಕೆ ಸಮನಾದ ಬೋಟ್ ಅಂತ ಇದೆ. ನಮಗೆ ಕೊಟ್ಟಿದ್ದು ತಳದ ಕ್ಯಾಬಿನ್, ಮೇಲೆ ಬರೋಕೆ ಒಂದೇ ಏಣಿ, ಎಮರ್ಜೆನ್ಸಿ ಬಾಗಿಲು ಮಂಚದ ಮೇಲ್ಗಡೆ ಇತ್ತು, ಅದರ ಚಿಲಕ ತುಕ್ಕು ಹಿಡಿದು ಇಬ್ರು ಸೇರಿ ಎಳೆದ್ರೂ ಬರ್ಲಿಲ್ಲ. ಇದನ್ನ ಸಣ್ಣ ವಿಷಯ ಅಂದ್ಕೋಬೇಡಿ. 2019ರ ಸೆಪ್ಟೆಂಬರ್ 2ರ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಕನ್ಸೆಪ್ಷನ್ ಅನ್ನೋ ಡೈವ್ ಬೋಟಿಗೆ ಬೆಂಕಿ ಬಿದ್ದು, ತಳದ ರೂಮಲ್ಲಿ ಮಲಗಿದ್ದ 34 ಜನ ಸತ್ತೋದ್ರು, ಮೇಲೆ ಮಲಗಿದ್ದ ಐದು ಜನ ಸಿಬ್ಬಂದಿ ಮಾತ್ರ ಉಳಿದಿದ್ದು. ರಾತ್ರಿ ಎದ್ದು ಸುತ್ತು ಹೊಡೆಯೋಕೆ ಯಾರನ್ನೂ ಇಟ್ಟಿರ್ಲಿಲ್ಲ ಅನ್ನೋದೇ ತನಿಖೇಲಿ ಬಂದ ದೊಡ್ಡ ತಪ್ಪು. ನಮ್ಮ ಬೋಟಲ್ಲೂ ಹಂಗೇ, ರಾತ್ರಿ ಎರಡು ಗಂಟೆಗೆ ಎದ್ದು ಮೇಲೆ ಬಂದ್ರೆ ಹಾಲ್‌ನಲ್ಲಿ ಹತ್ತಾರು ಕ್ಯಾಮೆರಾ ಬ್ಯಾಟರಿ ಟಾರ್ಚ್ ಬ್ಯಾಟರಿ ಚಾರ್ಜಿಗೆ ಹಾಕಿದಾವೆ, ಎಚ್ಚರ ಇದ್ದೋರು ಒಬ್ರೂ ಇಲ್ಲ. ಅವತ್ತಿಂದ ನಾವಿಬ್ರೂ ದಿಂಬು ತಗೊಂಡು ಮೇಲಿನ ಡೆಕ್ಕಲ್ಲೇ ಮಲಗಿದ್ವಿ.

ಮೂರನೇ ದಿನ ಬೆಳಿಗ್ಗೆ ಆಗಿದ್ದು ಹೇಳ್ತೀನಿ.

ಎಂಟು ಜನಕ್ಕೆ ಒಬ್ಬ ಗೈಡ್. ಉಳಿದ ಆರೂ ಜನ ನೂರಾರು ಡೈವ್ ಮಾಡಿದೋರು. ಗೈಡ್ ನಮ್ಮನ್ನೂ ಅವರ ಜೊತೆ ನೇರ ಕಾಲುವೆ ಬಾಯಿಗೆ ಇಳಿಸ್ದ, ಆಳ ತೋರ್ಸೋ ಡೈವ್ ಕಂಪ್ಯೂಟರ್ ನೋಡಿದ್ರೆ 27 ಮೀಟರ್. ನಮಗೆ ಅಷ್ಟು ಆಳಕ್ಕೆ ಹೋಗೋ ಹಕ್ಕೇ ಇಲ್ಲ. ಅಷ್ಟು ಕೆಳಗೆ ನೀರಿನ ಒತ್ತಡಕ್ಕೆ ಒಂದೊಂದು ಉಸಿರಿಗೂ ಮೇಲಿಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತೆ, ಭಯ ಬಿದ್ದು ಏದುಸಿರು ಬಿಟ್ರೆ ಇನ್ನೂ ಜಾಸ್ತಿ. ಬೇರೆಯವ್ರೆಲ್ಲ ಬಂಡೆಗೆ ಕೊಕ್ಕೆ ಹಾಕಿ ನಿಂತ್ಕೊಂಡ್ರು, ನಮ್ಮ ಹತ್ರ ಕೊಕ್ಕೆನೂ ಇಲ್ಲ, ಹಾಕೋದು ಹೇಳ್ಕೊಟ್ಟೋರೂ ಇಲ್ಲ, ಬರಿಗೈಲಿ ಕಲ್ಲು ಹಿಡ್ಕೊಂಡಿದ್ವಿ. ಹದಿನೈದು ನಿಮಿಷಕ್ಕೆ ತಮ್ಮ ಗೇಜ್ ತೋರ್ಸ್ದ, ಟ್ಯಾಂಕಲ್ಲಿ ಉಳಿದ ಗಾಳಿ ಬರೀ 60 ಬಾರ್. ಅವನ ಕಣ್ಣು ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಅಷ್ಟರಲ್ಲಿ ಅವನ ಕೈ ಜಾರ್ತು, ನಾನು ಹೋಗಿ ಅವನ ಜಾಕೆಟ್ ಹಿಡ್ಕೊಂಡೆ, ಇಬ್ರೂ ಬಂಡೆ ಬಿಟ್ಟು ಸಮುದ್ರದ ಕಡೆ ಹೋದ್ವಿ. ಸುತ್ತ ಬರೀ ನೀಲಿ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲ್ಲ, ಗುಳ್ಳೆ ಯಾವ ಕಡೆ ಹೋಗುತ್ತೆ ಅಂತ ನೋಡ್ಕೊಂಡು ಮೇಲೆ ಹತ್ತಿದ್ವಿ. ಪೂರ್ತಿ ಮೇಲೆ ಬರೋ ಮುಂಚೆ ಸುರಕ್ಷತೆಗೆ ಅಂತ 5 ಮೀಟರಲ್ಲಿ 3 ನಿಮಿಷ ನಿಲ್ಲೋಷ್ಟರಲ್ಲಿ ಅವನ ಗಾಳಿ ಮುಗೀತು, ನನ್ನ ಇನ್ನೊಂದು ರೆಗ್ಯುಲೇಟರ್ ಅವನ ಬಾಯಿಗೆ ಕೊಟ್ಟೆ. ನೇತ್ರಾಣಿಲಿ ನಮ್ಮ ಇನ್‌ಸ್ಟ್ರಕ್ಟರ್ ಅದೊಂದನ್ನ ಹತ್ತು ಸಲ ಮಾಡಿಸಿದ್ರು, ಅವರಿಗೆ ನಾನು ಬದುಕಿರೋವರ್ಗೂ ಕೈ ಮುಗೀತೀನಿ.

ಮೇಲೆ ಬಂದು ನೋಡಿದ್ರೆ ಡೈವಿಂಗ್ ದೋಣಿ ಕಾಣ್ತಿಲ್ಲ. ಅಲೆ ಮೇಲಕ್ಕೆತ್ತಿದಾಗ ದೂರದಲ್ಲಿ ಒಂದು ಚುಕ್ಕೆ ಥರ, ಮತ್ತೆ ಮಾಯ. ಎಸ್‌ಎಂಬಿ ಅಂತ ಇರುತ್ತೆ, ಕೆಂಪು ಇಲ್ಲ ಹಳದಿ ಬಣ್ಣದ ಉದ್ದನೆ ಬಲೂನು, ಗಾಳಿ ತುಂಬಿ ನಿಲ್ಸಿದ್ರೆ ದೂರದಿಂದ ದೋಣಿಯೋರಿಗೆ ಕಾಣುತ್ತೆ. ನಮ್ಮ ಬಾಡಿಗೆ ಸಾಮಾನಲ್ಲಿ ಅದು ಇರ್ಲಿಲ್ಲ, ಬೇಕು ಅಂತ ಕೇಳೋ ಬುದ್ಧಿ ನಮಗೂ ಇರ್ಲಿಲ್ಲ. ಸಮುದ್ರದ ಮಧ್ಯ ಕರಿ ತಲೆ ಎರಡು ಯಾರಿಗೆ ಕಾಣುತ್ತೆ ಹೇಳಿ. ಐವತ್ತು ನಿಮಿಷ ತೇಲಿದ್ವಿ. ತಮ್ಮ ಒಂದೇ ಸಮ ಕೆಮ್ತಿದ್ದ, ಅಣ್ಣ ಅವ್ವಂಗೆ ಹೇಳ್ಬೇಡ ಅಂತಾನೇ ಇದ್ದ. ಆವಾಗ ಗೊತ್ತಾಯ್ತು ಅವನಿಗೆ ಪ್ರತಿ ಮಳೆಗಾಲ ಇನ್‌ಹೇಲರ್ ಬೇಕಾಗುತ್ತೆ ಅಂತ. ಬೋಟ್ ಹೊರಡೋ ಹೊತ್ತಲ್ಲಿ ಮೆಡಿಕಲ್ ಫಾರ್ಮ್ ಕೈಗೆ ಕೊಟ್ರೆ, ದುಡ್ಡು ಕಟ್ಟಿ ಅಷ್ಟು ದೂರ ಹೋದೋನು ಏನ್ ಮಾಡ್ತಾನೆ, ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿದ್ದ. ಆಸ್ತಮಾ ಇದ್ರೆ ಡಾಕ್ಟರ್ ನೋಡಿ ಸಹಿ ಹಾಕ್ದೆ ನೀರಿಗೆ ಇಳೀಲೇಬಾರ್ದು. ಆ ಫಾರ್ಮ್ ಅಡ್ವಾನ್ಸ್‌ಗೆ ಮುಂಚೆನೇ ಮನೆಗೆ ಬಂದಿದ್ರೆ ಅವನು ಈ ಟ್ರಿಪ್ಪಿಗೆ ಬರ್ತಾನೇ ಇರ್ಲಿಲ್ಲ.

ಕೊನೆಗೆ ದೋಣಿಯ ಒಬ್ಬ ಹುಡುಗ ಛಾವಣಿ ಹತ್ತಿ ನಮ್ಮನ್ನ ನೋಡ್ದ.

ತಮ್ಮನ ಕಿವಿಯಿಂದ ರಕ್ತ ಬರ್ತಿತ್ತು. ನಾವಿದ್ದ ಜಾಗ ರಾಜಧಾನಿ ಮಾಲೆಯಿಂದ 300 ಕಿಲೋಮೀಟರ್‌ಗಿಂತ ದೂರ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯದಲ್ಲಿದ್ವಿ, ಪಾಲಿಸಿ ತೆಗೆದು ಓದಿದ್ರೆ ಸ್ಕೂಬಾ ಡೈವಿಂಗ್ ಹೊರತುಪಡಿಸಿ ಅಂತ ಬರ್ದಿದೆ. ಡೈವಿಂಗ್‌ಗೇ ಅಂತ ಬೇರೆ ಇನ್ಶೂರೆನ್ಸ್ ಸಿಗುತ್ತೆ, ಡ್ಯಾನ್ ಅಂತ ಡೈವರ್‌ಗಳ ಸಂಸ್ಥೆನೇ ಇದೆ, ನಮಗೆ ಯಾರೂ ಹೇಳಿರ್ಲಿಲ್ಲ. ಡಾಕ್ಟರ್ ಖರ್ಚೆಲ್ಲಾ ಕೈಯಿಂದಲೇ ಹೋಯ್ತು. ಇದರ ಮೇಲೆ ಸಾಮಾನು ಬಾಡಿಗೆ ಬೇರೆ, ಫ್ಯೂಯಲ್ ಚಾರ್ಜ್ ಬೇರೆ, ಗ್ರೀನ್ ಟ್ಯಾಕ್ಸ್ 2025ರಿಂದ ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್ ಆಗಿದೆ ಅದೂ ಬೇರೆ, ಎಲ್ಲಾ ಸೇರಿದೆ ಅಂತ ಏಜೆಂಟ್ ಹೇಳಿದ್ದು ಬರೀ ಬಾಯಿಮಾತು.

ಇನ್ನೊಂದು ವಿಷಯ ಘಟ್ಟದ ಮೇಲಿನ ನಮಗೇ ಅಂತ ಹೇಳ್ತೀನಿ, ದಯವಿಟ್ಟು ಗಮನ ಇಟ್ಟು ಓದಿ. ಕೊನೇ ದಿನ ಸಂಜೆ ನಾಲ್ಕಕ್ಕೆ ನೀರಿಂದ ಮೇಲೆ ಬರೋ ಹಂಗೆ ಡೈವ್ ಇಟ್ಟಿದ್ರು, ಏಜೆಂಟ್ ತೆಗೆದಿದ್ದ ವಿಮಾನ ಮಾರನೇ ದಿನ ಬೆಳಿಗ್ಗೆ ಏಳೂವರೆಗೆ. ಲೆಕ್ಕ ಹಾಕಿ, ಹದಿನೈದೂವರೆ ಗಂಟೆ. ತುಂಬ ಡೈವ್ ಮಾಡಿದ ಮೇಲೆ ಕಮ್ಮಿ ಅಂದ್ರೂ 18 ಗಂಟೆ ಬಿಡ್ಬೇಕು, ಒಂದೇ ಡೈವ್ ಆದ್ರೂ 12 ಗಂಟೆ. ಯಾಕಂದ್ರೆ ರಕ್ತದಲ್ಲಿ ಸೇರಿರೋ ನೈಟ್ರೋಜನ್ ಮೇಲೆ ಹೋದಾಗ, ಗಾಳಿ ಒತ್ತಡ ಕಮ್ಮಿ ಆದಾಗ, ಗುಳ್ಳೆ ಆಗ್ಬೋದು, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಕೀಲು ನೋವಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪೋವರ್ಗೂ ಆಗುತ್ತೆ. ನಾನು ಆ ಡೈವ್ ಬಿಟ್ಟೆ. ಆದ್ರೆ ಆ ಜರ್ಮನ್ ಹೆಂಗಸು ನಿಮ್ಮೂರು ಎಷ್ಟು ಎತ್ತರದಲ್ಲಿದೆ ಅಂತ ಕೇಳಿದ್ರಲ್ಲ, ಆವಾಗ ನಂಗೆ ಜುಂ ಅಂತು. ಆ 12 ಗಂಟೆ, 18 ಗಂಟೆ ಲೆಕ್ಕ 2000 ಅಡಿಯಿಂದಲೇ ಶುರುವಾಗುತ್ತೆ. ಮಡಿಕೇರಿ ಇರೋದು ಸಮುದ್ರ ಮಟ್ಟದಿಂದ 3800 ಅಡಿ ಹತ್ರ, ಸೋಮವಾರಪೇಟೆ ಕಡೆ ನಮ್ಮ ಮನೆನೂ ಹೆಚ್ಚುಕಮ್ಮಿ ಅಷ್ಟೇ. ನಾವೆಲ್ಲ ಏನ್ ಮಾಡ್ತೀವಿ, ನೇತ್ರಾಣಿಲಿ ಮಧ್ಯಾಹ್ನದವರೆಗೆ ಡೈವ್ ಮಾಡಿ, ಮಂಗಳೂರಲ್ಲಿ ಊಟ ಮಾಡಿ, ಅದೇ ರಾತ್ರಿ ಸಂಪಾಜೆ ಘಾಟಿ ಹತ್ತಿ ಮನೆಗೆ ಬರ್ತೀವಿ. ನಾನೇ ಎರಡು ಸಲ ಬಂದಿದೀನಿ. ವಿಮಾನ ಹತ್ತೋರಿಗೆ ಎಲ್ರೂ ಹೇಳ್ತಾರೆ, ಕಾರಲ್ಲಿ ಘಟ್ಟ ಹತ್ತೋರಿಗೆ ಯಾರೂ ಹೇಳಲ್ಲ. ಒಂದು ರಾತ್ರಿ ಕರಾವಳಿಲೇ ಉಳ್ಕೊಂಡು ಮಾರನೇ ದಿನ ಮಧ್ಯಾಹ್ನದ ಮೇಲೆ ಬನ್ನಿ.

ತಮ್ಮನಿಗೆ ಎಡಗಿವಿ ಇನ್ನೂ ಪೂರ್ತಿ ಕೇಳಲ್ಲ. ಚಿಕ್ಕವ್ವ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ರು, ಅವರದ್ದು ತಪ್ಪು ಅನ್ನಲ್ಲ. ಏಜೆಂಟ್ ಈಗ ಫೋನ್ ಎತ್ತಲ್ಲ.

ಮೊನ್ನೆ ಸಂತೇಲಿ ಸಿಕ್ಕಿದ ಇಬ್ರು ಹುಡುಗ್ರು ಕಾಫಿ ಮಾರಿದ ದುಡ್ಡಲ್ಲಿ ಇಂಥದ್ದೇ ಟ್ರಿಪ್ಪಿಗೆ ಅಡ್ವಾನ್ಸ್ ಹಾಕ್ತೀವಿ ಅಂದ್ರು, ಬಿಲ್ ತೋರ್ಸಿ ಅಂದೆ, ಅದರಲ್ಲೂ ಅದೇ ಸಾಲು ಇತ್ತು, ಸಮನಾದ ಬೋಟ್ ಅಂತ. ಎಷ್ಟು ಡೈವ್ ಆಗಿದೆ ಅಂತ ಕೇಳಿದ್ನಾ ಅಂದ್ರೆ ಇಲ್ಲ ಅಣ್ಣ ಅಂದ್ರು. ಅವತ್ತು ರಾತ್ರಿನೇ ಇದನ್ನ ಬರೆಯೋಕೆ ಕೂತೆ.