ಮಗಳ ಹೈಸ್ಕೂಲ್ ಬಾಸ್ಕೆಟ್‌ಬಾಲ್ ತಂಡ: ಒಂದು ಸೀಸನ್ ನೋಡಿದ ಮೇಲೆ

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಏರಿಯಾದ ಪಬ್ಲಿಕ್ ಸ್ಕೂಲು, ಮಗಳು ವಾರ್ಸಿಟಿ (ಸ್ಕೂಲಿನ ಮುಖ್ಯ) ತಂಡದಲ್ಲಿದ್ದಾಳೆ. ಕೋಚ್ ಮೊದಲ ಮೀಟಿಂಗಿನಲ್ಲೇ ಅಪ್ಪ ಅಮ್ಮಂದಿರಿಗೆ ನೇರವಾಗಿ ಹೇಳಿಬಿಟ್ಟರು: ಪ್ರಾಕ್ಟೀಸಿಗೆ ತಡವಾದರೆ ಮ್ಯಾಚಿನ ಮೊದಲ ಕ್ವಾರ್ಟರ್ (ಆಟದ ಕಾಲು ಭಾಗ) ಬೆಂಚಿನಲ್ಲೇ ಕೂರಬೇಕು, ಮತ್ತು ‘ನಮ್ಮ ಮಗಳನ್ನ ಯಾಕೆ ಇಳಿಸಲಿಲ್ಲ’ ಅಂತ ಮ್ಯಾಚ್ ಮುಗಿದ ಕೂಡಲೇ ಬರಬೇಡಿ, ಮಾರನೇ ದಿನ ಅವಳೇ ಬಂದು ಕೇಳಲಿ. ನನಗೆ ಇದು ತುಂಬಾ ಹಿಡಿಸಿತು (ಎರಡು ಸಲ ಕೇಳೋಕೆ ಹೋಗಿ ಬಾಯಿ ಮುಚ್ಚಿಕೊಂಡೆ). ಇರೋದೇ 32 ನಿಮಿಷದ ಆಟ, 12 ಹುಡುಗಿಯರು, ಎಲ್ಲರಿಗೂ ಸಮಪಾಲು ಆಗಲ್ಲ ಅಲ್ವಾ? ತಂಡದಲ್ಲಿ ಆಡೋಕೆ ಓದಿನಲ್ಲಿ ರಾಜ್ಯದ ನಿಯಮ ಕನಿಷ್ಠ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) 2.0, ಈ ಕೋಚ್ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಚೆಂಡು ಎತ್ತಿಡುವ ಕೆಲಸ ಸೀನಿಯರ್‌ಗಳದ್ದೇ, ಹೊಸಬರ ತಲೆಗೆ ಕಟ್ಟುವುದಿಲ್ಲ. ಬೇಜಾರು ಒಂದೇ, ವಾರದ ವೇಳಾಪಟ್ಟಿ ಹಿಂದಿನ ರಾತ್ರಿ ಬರುತ್ತದೆ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ತೆಗೆದಿದ್ದ ಟಿಕೆಟ್ ಸುಮ್ನೆ ಹಾಳಾಯಿತು.