ಟೆಸ್ಟೋಸ್ಟೆರಾನ್ ಶುರುವಾದ ಮೇಲೆ ಎದೆಬಡಿತ ಜಾಸ್ತಿಯಾಯ್ತಾ? ‘ಟೆನ್ಷನ್ ಅಷ್ಟೇ’ ಅಂದರೆ ನಂಬಿ ಕೂರಬೇಡಿ

ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಚಿಕಿತ್ಸೆ ತಗೋಬೇಕು ಅಂತಿರುವವರು, ಈಗಾಗಲೇ ತಗೊಳ್ಳುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿಸದೆ, ಬಿಪಿ ನೋಡದೆ, ನಿದ್ದೆ ಹೇಗಿದೆ, ಗೊರಕೆ ಇದೆಯಾ ಅಂತ ಕೇಳದೆ ಯಾರಾದರೂ ಇಂಜೆಕ್ಷನ್ ಕೊಡೋಕೆ ಹೊರಟರೆ ಅಲ್ಲಿಂದ ಎದ್ದು ಬನ್ನಿ. ನನಗೆ ಚಿಕಿತ್ಸೆ ಕೊಟ್ಟ ಕ್ಲಿನಿಕ್ ಇದರಲ್ಲಿ ಒಂದನ್ನೂ ಮಾಡಲಿಲ್ಲ. ಅದರ ಹೆಸರು ಇಲ್ಲಿ ಬೇಡ. ಇದೇ ಥರ ನಡೆಯುವ ಜಾಗಗಳು ಬೇಕಾದಷ್ಟಿವೆ.

ನನ್ನ ತೊಂದರೆ ಎಲ್ಲರೂ ಹೇಳುವಂಥದ್ದೇ. ಸದಾ ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ, ವ್ಯಾಯಾಮ ಮಾಡಿದರೂ ಮೈ ಏಳುತ್ತಿರಲಿಲ್ಲ. ಕೆಲಸ ಮುಗಿಸಿ ಸಂಜೆ ಹೊತ್ತಿಗೆ ಕ್ಲಿನಿಕ್ಕಿಗೆ ಹೋದೆ. ಆಗಲೇ ರಕ್ತ ತೆಗೆದರು. ರಿಪೋರ್ಟ್ ಬಂತು, ಟೆಸ್ಟೋಸ್ಟೆರಾನ್ ಸ್ವಲ್ಪ ಕಡಿಮೆ ಅಂದರು, ಅಲ್ಲೇ ಇಂಜೆಕ್ಷನ್ ನಿರ್ಧಾರವೂ ಆಯ್ತು. ಆಮೇಲೆ ತಿಳಿದದ್ದು ಏನಂದರೆ, ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯುತ್ತದೆ. ಊಟ ಮಾಡಿದ ಮೇಲೂ ಇಳಿಯುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಹೊತ್ತು, ಬೇರೆ ಬೇರೆ ಎರಡು ದಿನ ನೋಡಬೇಕು ಅನ್ನುವುದು ನಿಯಮ. ಅಮೆರಿಕದ ಯೂರಾಲಜಿ ಸಂಘದ ಲೆಕ್ಕದಲ್ಲಿ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಡಿಮೆ. ಅದೂ ಲಕ್ಷಣಗಳು ಜೊತೆಗಿದ್ದರೆ ಮಾತ್ರ. ಕಡಿಮೆ ಇದ್ದರೆ ಯಾಕೆ ಕಡಿಮೆ ಅಂತ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸು ಅಂತ ಮೆದುಳಿನ ಕಡೆಯಿಂದ ಬರುವ ಹಾರ್ಮೋನ್) ಮುಂತಾದ ಪರೀಕ್ಷೆಗಳನ್ನೂ ನೋಡಬೇಕು. ವರ್ಷಗಟ್ಟಲೆ ತಗೋಬೇಕಾಗಬಹುದಾದ ಔಷಧಿಗೆ ಒಂದು ಸಂಜೆಯ ರಿಪೋರ್ಟ್ ಸಾಕು ಅಂತ ಹೇಗೆ ಅಂದುಕೊಂಡರೋ!

ಎರಡು ವಾರಕ್ಕೊಂದು ಇಂಜೆಕ್ಷನ್. ಮೊದಲನೆಯದಕ್ಕೆ ಮನಸ್ಸು ಹಗುರಾಯ್ತು, ಸುಳ್ಳು ಹೇಳಲ್ಲ. ಆಮೇಲೆ ರಾತ್ರಿ ಎಡ ಮಗ್ಗುಲಿಗೆ ಮಲಗಿದರೆ ದಿಂಬಿಗೆ ಒತ್ತಿದ ಕಿವಿಯಲ್ಲಿ ಧಡ್ ಧಡ್ ಅಂತ ಕೇಳಿಸೋಕೆ ಶುರುವಾಯ್ತು. ಮಗ್ಗುಲು ಬದಲಿಸಿದರೆ ಕೇಳುತ್ತಿರಲಿಲ್ಲ, ಆದರೆ ಎದೆಯಲ್ಲಿ ಗೊತ್ತಾಗುತ್ತಿತ್ತು. ಮಧ್ಯೆ ಒಂದು ಬಡಿತ ತಪ್ಪಿದ ಹಾಗೆ, ಅದರ ಹಿಂದೆಯೇ ಒಂದು ಜೋರಾದ ಗುದ್ದು. ಸುಮ್ನೆ ಕೂತಾಗ 65ರ ಆಸುಪಾಸು ಇರುತ್ತಿದ್ದ ನಾಡಿ 90 ದಾಟಿ 95ರ ತನಕ ಹೋಗುತ್ತಿತ್ತು. ಒಂದು ಮಹಡಿ ಹತ್ತಿದರೆ 130. ಕೈಗಡಿಯಾರ ತಪ್ಪು ತೋರಿಸುತ್ತಿದೆಯೇನೋ ಅಂತ ಕುತ್ತಿಗೆಯ ಪಕ್ಕ ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ. ತಪ್ಪೇನೂ ಇರಲಿಲ್ಲ. ನೀವೂ ಹೀಗೇ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಬಡಿತ ಏರುಪೇರಾಗಿರುವುದು ಗೊತ್ತಾಗದೆ ಹೋಗಬಹುದು.

ಗಡಿಯಾರದ ಆಪ್‌ನಲ್ಲಿ ಹಳೆಯ ಗ್ರಾಫ್ ತೆಗೆದು ನೋಡಿದರೆ ಗರಗಸದ ಹಲ್ಲಿನ ಹಾಗಿತ್ತು. ಇಂಜೆಕ್ಷನ್ ಆದ ಮರುದಿನದಿಂದ ಏರು, ಒಂದು ವಾರ ಕಳೆದ ಮೇಲೆ ಇಳಿತ, ಮತ್ತೆ ಇಂಜೆಕ್ಷನ್, ಮತ್ತೆ ಏರು. ಸೈಪಿಯೊನೇಟ್, ಎನಾಂಥೇಟ್ ಅನ್ನುವ ಎಣ್ಣೆಯಲ್ಲಿ ಕರಗಿಸಿದ ಇಂಜೆಕ್ಷನ್‌ಗಳ ನಡೆಯೇ ಹಾಗೆ. ಚುಚ್ಚಿದ ಎರಡರಿಂದ ಐದು ದಿನದೊಳಗೆ ರಕ್ತದಲ್ಲಿ ಹಾರ್ಮೋನ್ ತುದಿ ಮುಟ್ಟುತ್ತದೆ. ಡೋಸ್ ದೊಡ್ಡದಿದ್ದರೆ ಆ ತುದಿ ಸಾಮಾನ್ಯ ಮಟ್ಟವನ್ನು ದಾಟಿ ಹೋಗುತ್ತದೆ. ಎರಡನೇ ವಾರದ ಕೊನೆಗೆ ಮತ್ತೆ ನೆಲ ಹಿಡಿಯುತ್ತದೆ. ಮನುಷ್ಯನೂ ಅದರ ಜೊತೆಗೇ ಏರಿ ಇಳಿಯುತ್ತಾನೆ.

ಗ್ರಾಫನ್ನು ಕ್ಲಿನಿಕ್ಕಿಗೆ ತಗೊಂಡು ಹೋದೆ. ಅಲ್ಲಿನ ಡಾಕ್ಟರ್ ಫೋನ್ ಕೈಗೂ ತಗೊಳ್ಳಲಿಲ್ಲ.

“ನಿಮಗೆ ಆಂಗ್ಸೈಟಿ. ಮೊದಲು ಆ ವಾಚ್ ಬಿಚ್ಚಿಡಿ.”

“ಇಂಜೆಕ್ಷನ್ ಆದ ಮೇಲೇ ಜಾಸ್ತಿ ಆಗ್ತಿದೆ ಸರ್, ನೋಡಿ.”

“ಎಲ್ರಿಗೂ ಶುರುವಿನಲ್ಲಿ ಹಂಗೇ. ಮೈ ಒಗ್ಗಿಕೊಳ್ಳುತ್ತೆ.”

ಎರಡನೇ ವಾರ ಸುಸ್ತಾಗುತ್ತೆ ಅಂತಲೂ ಹೇಳಿದ್ದೆ. ಅದಕ್ಕೆ ಮುಂದಿನ ಇಂಜೆಕ್ಷನ್ನಿನ ಹಿಂದಿನ ದಿನ ರಕ್ತ ತೆಗೆಸಿದರು. ಆ ದಿನ ಹಾರ್ಮೋನ್ ತಳ ಕಂಡಿರುತ್ತದೆ, ಕಡಿಮೆ ಬರದೆ ಇನ್ನೇನು ಬರುತ್ತೆ? “ನೋಡಿ, ಸಾಕಾಗ್ತಿಲ್ಲ” ಅಂತ ಡೋಸ್ ಏರಿಸಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಕೆಟ್ಟ ಕೆಲಸ ಅಂದರೆ ಇದೇ. ಇಂಥ ಇಂಜೆಕ್ಷನ್‌ಗೆ ಎರಡು ಡೋಸ್‌ಗಳ ನಡುವಿನ ದಿನ ರಕ್ತ ನೋಡಿ, ಹಾರ್ಮೋನ್ ಸಾಮಾನ್ಯ ಮಟ್ಟದ ಮಧ್ಯಭಾಗದಲ್ಲಿ ಇರುವ ಹಾಗೆ ಡೋಸ್ ಹೊಂದಿಸಬೇಕು. ತಳದ ಅಂಕಿ ನೋಡಿ ಏರಿಸಿದರೆ ತುದಿ ಇನ್ನೂ ಮೇಲಕ್ಕೆ ಹೋಗುತ್ತದೆ. ನನಗೂ ಹಾಗೇ ಆಯ್ತು.

ಕೆಲವು ತಿಂಗಳಲ್ಲಿ ಮುಖ ಸದಾ ಕೆಂಪು, ತಲೆ ಭಾರ, ಸಂಜೆಗೆ ಕಾಲಿನ ಮೇಲೆ ಸಾಕ್ಸಿನ ಗುರುತು ಆಳವಾಗಿ ಉಳಿಯುತ್ತಿತ್ತು. ಬಿಪಿ 152/96. ಹೆಂಡತಿ ಒಂದು ಬೆಳಿಗ್ಗೆ, “ರೀ, ರಾತ್ರಿ ನಿಮ್ಮ ಗೊರಕೆ ಇದ್ದಕ್ಕಿದ್ದಂತೆ ನಿಂತುಹೋಗುತ್ತೆ. ಉಸಿರೇ ಇರಲ್ಲ. ಆಮೇಲೆ ಗೊರ್ ಅಂತ ಎಳ್ಕೋತೀರ. ನಂಗೆ ಭಯ ಆಗುತ್ತೆ” ಅಂದಳು. ಬೇರೆ ಫಿಜಿಷಿಯನ್ ಹತ್ತಿರ ಹೋದೆವು.

ಅವರು ಕೇಳಿದ ಮೊದಲ ಪ್ರಶ್ನೆ, “ಹಿಮಾಟೋಕ್ರಿಟ್ ಎಷ್ಟಿದೆ?” ನನ್ನ ಫೈಲ್‌ನಲ್ಲಿ ಅದು ಎಲ್ಲೂ ಇರಲಿಲ್ಲ. ಅವರು ಫೈಲನ್ನು ಎರಡು ಸಲ ತಿರುವಿ ಹಾಕಿದರು, ಏನೂ ಹೇಳಲಿಲ್ಲ.

ಹಿಮಾಟೋಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಕೆಲವು ಲ್ಯಾಬ್ ರಿಪೋರ್ಟ್‌ಗಳಲ್ಲಿ ಪಿಸಿವಿ ಅಂತ ಇರುತ್ತದೆ. ಮಾಮೂಲಿ ಸಿಬಿಸಿ ಪರೀಕ್ಷೆಯಲ್ಲೇ ಬರುವ ಅಂಕಿ, ಬೇರೆ ಪರೀಕ್ಷೆಯೇ ಬೇಡ. ಟೆಸ್ಟೋಸ್ಟೆರಾನ್ ಕೆಂಪು ಕಣಗಳ ಉತ್ಪತ್ತಿಯನ್ನು ಜಾಸ್ತಿ ಮಾಡುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್‌ಗಿಂತ ಇಂಜೆಕ್ಷನ್‌ನಲ್ಲಿ ಈ ತೊಂದರೆ ಹೆಚ್ಚು. ಕಣಗಳು ಜಾಸ್ತಿಯಾದಷ್ಟೂ ರಕ್ತ ಮಂದವಾಗುತ್ತದೆ. ಎಂಡೋಕ್ರೈನ್ ಸೊಸೈಟಿ ಅನ್ನುವ ಹಾರ್ಮೋನ್ ತಜ್ಞರ ಸಂಘದ 2018ರ ಮಾರ್ಗಸೂಚಿ ಹೇಳುವ ಪ್ರಕಾರ, ಶುರುವಿನಲ್ಲೇ ಇದು ಶೇ. 48ಕ್ಕಿಂತ ಮೇಲಿದ್ದರೆ ಚಿಕಿತ್ಸೆ ಕೊಡುವುದು ಸರಿಯಲ್ಲ. ಎತ್ತರದ ಪ್ರದೇಶದಲ್ಲಿ ಇರುವವರಿಗೆ ಈ ಮಿತಿ 50. ಶುರುವಾದ ಮೂರರಿಂದ ಆರು ತಿಂಗಳೊಳಗೆ ಮತ್ತೆ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ. 54 ದಾಟಿದರೆ ನಿಲ್ಲಿಸಬೇಕು. ನನ್ನದು 55 ಬಂತು. ಶುರುವಿನಲ್ಲಿ ಎಷ್ಟಿತ್ತು ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಇಸಿಜಿ, 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿ ಎದೆಬಡಿತ ದಾಖಲಿಸುವ ಯಂತ್ರ), ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್, ನಿದ್ದೆಯ ಪರೀಕ್ಷೆ ಎಲ್ಲ ಆಯ್ತು. ಹೋಲ್ಟರ್‌ನಲ್ಲಿ ಅಲ್ಲಲ್ಲಿ ಹೆಚ್ಚುವರಿ ಬಡಿತಗಳು ಸಿಕ್ಕವು. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಪೂರ್ತಿ ಲಯ ತಪ್ಪುವ ತೊಂದರೆ) ಇರಲಿಲ್ಲ, ಸದ್ಯ. ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಇತ್ತು, ಅದೂ ತೀವ್ರವಾಗಿಯೇ. ಚಿಕಿತ್ಸೆ ಇಲ್ಲದ ತೀವ್ರ ಆಪ್ನಿಯಾ ಇರುವವರಿಗೆ ಟೆಸ್ಟೋಸ್ಟೆರಾನ್ ಶುರು ಮಾಡಬಾರದು ಅಂತ ಅದೇ ಮಾರ್ಗಸೂಚಿಯಲ್ಲಿದೆ. ತಮಾಷೆ ಏನಂದರೆ, ಆಪ್ನಿಯಾದಿಂದಲೂ ಹಗಲೆಲ್ಲ ಸುಸ್ತಾಗುತ್ತದೆ, ಆಸಕ್ತಿ ಕುಗ್ಗುತ್ತದೆ. ನಾನು ಮೊದಲು ಯಾಕೆ ಕ್ಲಿನಿಕ್ಕಿಗೆ ಹೋಗಿದ್ದೆನೋ ಅದಕ್ಕೆ ಅದೂ ಕಾರಣ ಇದ್ದಿರಬಹುದು ಅಲ್ವಾ? ಕೇಳಿದ್ದರೆ ತಾನೇ!

ಎದೆಬಡಿತಕ್ಕೆ ಇದೇ ಒಂದು ಕಾರಣ ಅಂತ ಡಾಕ್ಟರ್ ಹೇಳಲಿಲ್ಲ. ಮೊದಲ ವಾರಗಳಲ್ಲೇ ಏರಿದ್ದಕ್ಕೆ ಮಂದ ರಕ್ತ ಕಾರಣ ಆಗಿರಲಾರದು, ಯಾಕೆಂದರೆ ಹಿಮಾಟೋಕ್ರಿಟ್ ಏರೋಕೆ ತಿಂಗಳುಗಳು ಬೇಕು. ಡೋಸ್‌ನ ಏರಿಳಿತ, ಮೈಯಲ್ಲಿ ನಿಂತ ಉಪ್ಪು ಮತ್ತು ನೀರು, ಏರಿದ ಬಿಪಿ, ಕೆಟ್ಟ ನಿದ್ದೆ, ಕೊನೆಗೆ ಮಂದ ರಕ್ತ, ಒಂದರ ಮೇಲೊಂದು ಸೇರಿಕೊಂಡಿವೆ ಅಂದರು. ನಿಮ್ಮಲ್ಲಿ ಬೇರೆಯೇ ಇರಬಹುದು. ಥೈರಾಯ್ಡ್ ಜಾಸ್ತಿ ಇದ್ದರೂ, ರಕ್ತಹೀನತೆ ಇದ್ದರೂ, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಕೆಫೀನ್ ಪುಡಿಯಿಂದಲೂ, ಕೆಲವು ನೆಗಡಿ ಮಾತ್ರೆಯಿಂದಲೂ ನಾಡಿ ಏರುತ್ತದೆ. ನಿಜವಾಗಿಯೂ ಆಂಗ್ಸೈಟಿಯೇ ಇರಬಹುದು. ಆದರೆ ಉಳಿದದ್ದೆಲ್ಲ ನೋಡಿದ ಮೇಲೆ ಹೇಳಬೇಕಾದ ಮಾತು ಅದು. ಮೊದಲೇ ಹೇಳಿ ಕೈ ತೊಳೆದುಕೊಳ್ಳುವುದಲ್ಲ.

ಈ ಔಷಧಿಯೇ ವಿಷ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಕೊರತೆ ಇರುವವರಿಗೆ ಬೇಕೇ ಬೇಕು. 2023ರಲ್ಲಿ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನ ಪ್ರಕಟವಾಯ್ತು. 45ರಿಂದ 80 ವಯಸ್ಸಿನ, ಹೃದಯದ ತೊಂದರೆ ಇದ್ದ ಅಥವಾ ಬರುವ ಸಾಧ್ಯತೆ ಹೆಚ್ಚಿದ್ದ 5,200ರಷ್ಟು ಗಂಡಸರನ್ನು ನೋಡಿದ್ದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾರಣದ ಸಾವು ಎಲ್ಲ ಸೇರಿ ಔಷಧಿ ತಗೊಂಡವರಲ್ಲಿ ಶೇ. 7.0, ಔಷಧಿಯೇ ಇಲ್ಲದ ಸುಳ್ಳು ಜೆಲ್ ಹಚ್ಚಿಕೊಂಡವರಲ್ಲಿ ಶೇ. 7.3. ಅಂದರೆ ವ್ಯತ್ಯಾಸ ಇಲ್ಲ. ‘ಹೃದಯಕ್ಕೆ ಏನೂ ಆಗಲ್ಲ’ ಅನ್ನುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಅದೇ ಅಧ್ಯಯನದಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಶೇ. 3.5 ಮತ್ತು 2.4, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಶೇ. 0.9 ಮತ್ತು 0.5. ಈ ಎರಡೂ ತೊಂದರೆ ಜಾಸ್ತಿ ಇದ್ದದ್ದು ಔಷಧಿ ತಗೊಂಡವರಲ್ಲೇ. ಇನ್ನೊಂದು ಮಾತು. ಅವರು ಕೊಟ್ಟಿದ್ದು ದಿನಾ ಹಚ್ಚುವ ಜೆಲ್, ಅದೂ ರಕ್ತ ನೋಡಿಕೊಂಡು ಡೋಸ್ ಹೊಂದಿಸುತ್ತಾ. ಎರಡು ವಾರಕ್ಕೊಮ್ಮೆ ಕಣ್ಣುಮುಚ್ಚಿ ಚುಚ್ಚುವ ದೊಡ್ಡ ಇಂಜೆಕ್ಷನ್‌ಗೆ ಆ ಭರವಸೆಯನ್ನು ಅಂಟಿಸೋಕೆ ಆಗಲ್ಲ.

ನಾಡಿ ಏರಿದೆ ಅಂತ ಗಾಬರಿಯಾಗಿ ನೀವೇ ಔಷಧಿ ಹೆಚ್ಚು ಕಡಿಮೆ ಮಾಡಬೇಡಿ. ಹೊರಗಿನಿಂದ ಹಾರ್ಮೋನ್ ಬರುತ್ತಿರುವಾಗ ದೇಹ ತನ್ನದನ್ನು ನಿಲ್ಲಿಸಿಬಿಟ್ಟಿರುತ್ತದೆ. ಬಿಟ್ಟ ಮೇಲೆ ಅದು ಮತ್ತೆ ಶುರುವಾಗೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಅಷ್ಟು ದಿನ ಸುಸ್ತು ಮೊದಲಿಗಿಂತ ಜಾಸ್ತಿ ಇರಬಹುದು. ಡಾಕ್ಟರ್ ಗಮನದಲ್ಲಿದ್ದರೆ ದಾಟಬಹುದು. (ವೀರ್ಯಾಣುಗಳೂ ಇದೇ ಕಾರಣಕ್ಕೆ ಕಡಿಮೆಯಾಗುತ್ತವೆ. ಮಕ್ಕಳು ಬೇಕು ಅಂತಿರುವವರಿಗೆ ಇದನ್ನು ಹೇಳದೆ ಇಂಜೆಕ್ಷನ್ ಕೊಡುವವರೂ ಇದ್ದಾರೆ. ಅದು ಬೇರೆಯೇ ಬರಹ ಆಗುತ್ತೆ.) ಗೆಳೆಯರು ಹೇಳಿದರು ಅಂತ ಬಿಪಿ ಮಾತ್ರೆ ನುಂಗುವುದು, ರಕ್ತ ತೆಳುವಾಗಲಿ ಅಂತ ಮೇಲಿಂದ ಮೇಲೆ ರಕ್ತದಾನ ಮಾಡುವುದು ಕೂಡ ಬೇಡ. ರಕ್ತ ಪದೇ ಪದೇ ತೆಗೆಸಿದರೆ ಕಬ್ಬಿಣದ ಅಂಶ ಖಾಲಿಯಾಗಿ ಹೊಸ ತೊಂದರೆ ಶುರುವಾಗುತ್ತದೆ.

ನನಗೆ ಇಂಜೆಕ್ಷನ್ ನಿಲ್ಲಿಸಿದರು, ರಾತ್ರಿಗೆ ಸಿಪ್ಯಾಪ್ ಯಂತ್ರ (ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವುದು) ಕೊಟ್ಟರು, ಬಿಪಿಗೆ ಮಾತ್ರೆ ಬರೆದರು. ಹಿಮಾಟೋಕ್ರಿಟ್ ನಿಧಾನವಾಗಿ 47ಕ್ಕೆ ಇಳಿಯಿತು. ನಾಡಿ ಈಗ 70ರ ಹತ್ತಿರ. ಟೆಸ್ಟೋಸ್ಟೆರಾನ್ ನನಗೆ ನಿಜವಾಗಿ ಬೇಕಾ ಅನ್ನುವುದನ್ನು ಹಾರ್ಮೋನ್ ಡಾಕ್ಟರ್ ಹೊಸದಾಗಿ, ಬೆಳಗಿನ ರಕ್ತದಲ್ಲೇ ನೋಡುತ್ತಿದ್ದಾರೆ. ಬೇಕಾದರೆ ಜೆಲ್, ಇಲ್ಲವೇ ಚಿಕ್ಕ ಡೋಸ್‌ನ ಇಂಜೆಕ್ಷನ್ ಬೇಗ ಬೇಗ ಅಂದಿದ್ದಾರೆ.

ಸುಮ್ನೆ ಕೂತಾಗಲೂ ನಾಡಿ 100ರ ಮೇಲೇ ನಿಂತಿದ್ದರೆ, ಬಡಿತಕ್ಕೆ ಲಯವೇ ಇಲ್ಲ ಅನ್ನಿಸಿದರೆ ಅದೇ ದಿನ ತೋರಿಸಿ, ಇಸಿಜಿ ಮಾಡಿಸಿ. ಎದೆ ನೋವು, ಉಸಿರು ಸಿಕ್ಕದಿರುವುದು, ತಲೆ ಸುತ್ತಿ ಬೀಳುವುದು, ಒಂದೇ ಕಾಲು ಊದಿ ನೋಯುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಇದರಲ್ಲಿ ಯಾವುದಾದರೂ ಇದ್ದರೆ ನಾಳೆಗೆ ಇಟ್ಟುಕೊಳ್ಳಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ‘ಯಾವ ಔಷಧಿ ತಗೋತೀರ?’ ಅಂದಾಗ ಟೆಸ್ಟೋಸ್ಟೆರಾನ್ ಹೆಸರು ಮೊದಲು ಹೇಳಿ. ನಾಚಿಕೆಯಿಂದ ಮುಚ್ಚಿಡುವ ಗಂಡಸರು ಬಹಳ. ಔಷಧಿ ಬಾಟಲಿಯ ಲೇಬಲ್, ಡೋಸ್, ಕೊನೆಯ ಇಂಜೆಕ್ಷನ್ ತಾರೀಖು ಮೂರನ್ನೂ ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ, ಮನೆಯವರಿಗೂ ಕಳಿಸಿ.